ಬಟಾಟೆಗೆ, ಗೆಣಸಿಗೆ ಯಾವ ಗೊಬ್ಬರ: ಯೂರಿಯಾ, ಹಟ್ಟಿಗೊಬ್ಬರ, ಹಿಂಡಿಗಳ ನಡುವೆ ಕರಾವಳಿಯವರ ಆಯ್ಕೆ

ಗೆಡ್ಡೆಯ ಬೆಳೆಯಲ್ಲಿ ಎಲೆ ನೋಡಿ ಸಂತೋಷಪಡಬಾರದು. ಬಸಳೆಗೆ, ಹರಿವೆಗೆ ಹಾಕುವ ಧಾರಾಳತನದಲ್ಲೇ ಬಟಾಟೆಗೂ ಗೆಣಸಿಗೂ ಯೂರಿಯಾ ಅಥವಾ ಕೋಳಿಗೊಬ್ಬರ ಸುರಿದರೆ ಮೇಲೆ ಕಡುಹಸಿರಿನ ಪೊದೆ ಏಳುತ್ತದೆ, ಅಗೆದಾಗ ಗೋಲಿ ಗಾತ್ರದ ನಾಲ್ಕು ಗೆಡ್ಡೆ ಸಿಗುತ್ತದೆ. ಉಡುಪಿ, ಮಂಗಳೂರು ಕಡೆ ಮನೆಹಿತ್ತಲಿನಲ್ಲೋ ತಾರಸಿಯ ಗ್ರೋ ಬ್ಯಾಗಿನಲ್ಲೋ ಬಟಾಟೆ ನೆಟ್ಟವರಲ್ಲಿ ಅನೇಕರ ಕಥೆ ಇದೇ. ಭತ್ತ ಕೊಯ್ದ ಮಜಲು (ನಡುಮಟ್ಟದ) ಗದ್ದೆಯಲ್ಲಿ ಗೆಣಸು ಹಾಕುವವರಿಗೂ ಇದು ಹೊಸತಲ್ಲ.

ಯೂರಿಯಾದಲ್ಲೂ ಕೋಳಿಗೊಬ್ಬರದಲ್ಲೂ ಹೀಗೆ ಎಲೆ ಬೆಳೆಸುವ ಅಂಶ ಸಾರಜನಕ. ಈ ಬೆಳೆಗಳಿಗೆ ಅದನ್ನು ಯಾವ ಮೂಲದಿಂದ ಕೊಡಬೇಕು ಎಂಬ ಚರ್ಚೆ ನಮ್ಮಲ್ಲಿ ಬೇಗನೆ ‘ರಾಸಾಯನಿಕವೋ ಸಾವಯವವೋ’ ಎಂಬ ಜಗಳವಾಗಿಬಿಡುತ್ತದೆ. ಬೇರು ಹೀರುವುದು ಬಹುಪಾಲು ಅಮೋನಿಯಂ ಮತ್ತು ನೈಟ್ರೇಟ್ ಎಂಬ ಎರಡೇ ರೂಪಗಳನ್ನು. ಅದು ಮಂಗಳೂರು ಪಣಂಬೂರಿನ ಗೊಬ್ಬರದ ಕಾರ್ಖಾನೆಯಿಂದ ಬಂದಿರಲಿ, ಹಟ್ಟಿಯಿಂದ ಬಂದಿರಲಿ, ಗಿಡಕ್ಕೆ ಅದರಲ್ಲಿ ಭೇದವಿಲ್ಲ. ಭೇದ ಇರುವುದು ಬೇರೆ ಮೂರು ವಿಷಯಗಳಲ್ಲಿ: ಸಾರಜನಕ ಎಷ್ಟು ಬೇಗ ಬೇರಿಗೆ ಸಿಗುತ್ತದೆ, ಎಷ್ಟು ದಿನ ಮಣ್ಣಿನಲ್ಲಿ ನಿಲ್ಲುತ್ತದೆ, ಅದರ ಜೊತೆಗೆ ಇನ್ನೇನು ಬರುತ್ತದೆ. ಕೊಳ್ಳುವ ಮೊದಲು ನೋಡಬೇಕಾದದ್ದು ಇವನ್ನೇ.

ಮೊದಲು ಬೆಳೆಯ ಲೆಕ್ಕ

ಬಟಾಟೆ ನೆಲದೊಳಗೆ ಹರಿಯುವ ಕಾಂಡದ ತುದಿ ಊದಿ ಆಗುವ ಗೆಡ್ಡೆ. ಬಿತ್ತಿದ ಸುಮಾರು 30ರಿಂದ 40 ದಿನಗಳ ನಡುವೆ ಆ ತುದಿಗಳು ಊದಲು ಶುರುವಾಗುತ್ತವೆ. ಇಡೀ ಬೆಳೆಯ ಭವಿಷ್ಯ ನಿರ್ಧಾರವಾಗುವುದು ಆ ಕೆಲವು ದಿನಗಳಲ್ಲಿ. ಅದಕ್ಕೆ ಮೊದಲು ಸಾರಜನಕ ಸಾಕಷ್ಟು ಸಿಗದಿದ್ದರೆ ಎಲೆಯ ಛತ್ರ ಚಿಕ್ಕದಾಗಿ, ಕೆಳಗಿನ ಎಲೆಗಳು ಹಳದಿಯಾಗಿ, ಗಿಡ ಬೇಗ ಮುದಿಯಾಗುತ್ತದೆ. ಗೆಡ್ಡೆಗೆ ಪಿಷ್ಟ ತುಂಬುವವರು ಯಾರೂ ಇರುವುದಿಲ್ಲ. ಅದೇ ಹೊತ್ತಿಗೆ ಮಿತಿಮೀರಿ ಸಿಕ್ಕರೆ ಗಿಡ ಸಕ್ಕರೆಯನ್ನೆಲ್ಲ ಹೊಸ ಎಲೆ, ಹೊಸ ಕವಲುಗಳಿಗೆ ವ್ಯಯಿಸುತ್ತದೆ, ಗೆಡ್ಡೆ ಕಟ್ಟುವುದು ಮುಂದಕ್ಕೆ ಹೋಗುತ್ತದೆ. ತಡವಾಗಿ ಕಟ್ಟಿದ ಗೆಡ್ಡೆಯಲ್ಲಿ ನೀರು ಹೆಚ್ಚು, ಪಿಷ್ಟ ಕಡಿಮೆ, ಸಿಪ್ಪೆ ತೆಳು. ಚೀಲದಲ್ಲಿ ಬಹಳ ದಿನ ಬಾಳುವುದಿಲ್ಲ. ದಟ್ಟ ಎಲೆಯ ಒಳಗೆ ತೇವ ಆರದೆ ಅಂಗಮಾರಿ ರೋಗಕ್ಕೂ ಅನುಕೂಲವಾಗುತ್ತದೆ.

ಇಲ್ಲಿ ಕರಾವಳಿಯ ಹವೆಯ ಮಾತು ಬರಲೇಬೇಕು. ಬಟಾಟೆ ಚೆನ್ನಾಗಿ ಗೆಡ್ಡೆ ಕಟ್ಟಲು ರಾತ್ರಿ 15ರಿಂದ 18 ಡಿಗ್ರಿಯಷ್ಟು ತಂಪು ಬೇಕು. 20 ದಾಟಿದ ಮೇಲೆ ಕಷ್ಟ ಶುರು. ಮಂಗಳೂರಿನಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳೂ ಬಹುತೇಕ 20ರ ಮೇಲೆಯೇ ಇರುತ್ತವೆ. ಬೆಳ್ತಂಗಡಿ, ಹೆಬ್ರಿಯಂಥ ಘಟ್ಟದ ಬುಡದ ಊರುಗಳಲ್ಲಿ ಒಂದಿಷ್ಟು ತಂಪು ಹೆಚ್ಚು, ಅಷ್ಟೇ. ಸೆಕೆ ಮಾಡುವ ಕೆಲಸವೂ ಹೆಚ್ಚಿನ ಸಾರಜನಕ ಮಾಡುವ ಕೆಲಸವೂ ಒಂದೇ: ಎರಡೂ ಗಿಡವನ್ನು ಎಲೆಯ ಕಡೆಗೆ ಎಳೆಯುತ್ತವೆ. ಆದ್ದರಿಂದ ಹಾಸನದ ರೈತ ಹಾಕುವ ಪ್ರಮಾಣವನ್ನು ಉಡುಪಿಯ ಹಿತ್ತಲಿನಲ್ಲಿ ಹಾಗೆಯೇ ಹಾಕಿದರೆ ಇಲ್ಲಿ ಅದು ಅತಿಯಾಗುತ್ತದೆ. ನಮ್ಮ ಮಾರುಕಟ್ಟೆಗೆ ಘಟ್ಟ ಇಳಿದು ಬರುವ ಬಟಾಟೆಯನ್ನು ಹಾಸನ, ಚಿಕ್ಕಮಗಳೂರಿನವರು ಬೆಳೆಯುವುದಕ್ಕೆ ಅಲ್ಲಿನ ತಂಪು ರಾತ್ರಿಗಳೇ ಕಾರಣ. ನಮ್ಮಲ್ಲಿ ಬಟಾಟೆ ಮನೆ ಖರ್ಚಿನ ಪ್ರಯೋಗವಾಗಿ ಚೆಂದ, ಮಾರುವ ಬೆಳೆಯಾಗಿ ಅಲ್ಲ. ಮಾರಬೇಕೆಂದಿದ್ದರೆ ಗೆಣಸು, ಸಾಂಬ್ರಾಣಿ ಗೆಡ್ಡೆ, ಸುವರ್ಣಗೆಡ್ಡೆ ಇವೆ. ಸೆಕೆ ಇವಕ್ಕೆ ಒಗ್ಗುತ್ತದೆ, ಸಾರಜನಕವೂ ಕಡಿಮೆ ಸಾಕು.

ಚೀಲದಲ್ಲಿ ಬರುವ ಸಾರಜನಕ

ಯೂರಿಯಾದಲ್ಲಿ 46 ಶೇಕಡಾ ಸಾರಜನಕ. 45 ಕೆ.ಜಿ.ಯ ಒಂದು ಚೀಲ ಎಂದರೆ 20.7 ಕೆ.ಜಿ. ಸಾರಜನಕ, ಬೆಲೆ ಸರ್ಕಾರದ ಸಹಾಯಧನ ಕಳೆದು ಸುಮಾರು 266 ರೂಪಾಯಿ. ಇಷ್ಟು ಅಗ್ಗವಾಗಿರುವುದೇ ಅತಿಯಾಗಿ ಬಳಸಲು ಕಾರಣ. ಗಾಳಿಯ ಸಾರಜನಕಕ್ಕೆ ಇಂಧನದಿಂದ ತೆಗೆದ ಜಲಜನಕ ಸೇರಿಸಿ ಇದನ್ನು ಮಾಡುತ್ತಾರೆ. ಪಣಂಬೂರಿನ ಕಾರ್ಖಾನೆ ಮೊದಲು ನಾಫ್ತಾ ಬಳಸುತ್ತಿತ್ತು, 2021ರ ಜನವರಿಯಲ್ಲಿ ಉದ್ಘಾಟನೆಯಾದ ಕೊಚ್ಚಿ–ಮಂಗಳೂರು ಕೊಳವೆ ಮಾರ್ಗ ಬಂದ ಮೇಲೆ ನೈಸರ್ಗಿಕ ಅನಿಲಕ್ಕೆ ತಿರುಗಿತು. ನಮ್ಮ ಬಾಗಿಲಲ್ಲೇ ತಯಾರಾಗುವ ಈ ಬಿಳಿ ಹರಳು ಎಷ್ಟು ಶಕ್ತಿ ನುಂಗಿ ಬಂದಿದೆ ಎಂಬುದನ್ನು ಹಿಡಿ ತುಂಬ ಎರಚುವ ಮೊದಲು ನೆನೆಯಬೇಕು ಎಂದು ನನಗೆ ಅನ್ನಿಸುತ್ತದೆ.

ಬೆಚ್ಚಗಿನ ತೇವದ ಮಣ್ಣಿನಲ್ಲಿ ಯೂರಿಯಾ ಕೆಲವೇ ದಿನಗಳಲ್ಲಿ ಅಮೋನಿಯಂ ಆಗುತ್ತದೆ, ಮುಂದಿನ ಎರಡು ಮೂರು ವಾರಗಳಲ್ಲಿ ನೈಟ್ರೇಟ್ ಆಗುತ್ತದೆ. ಮಣ್ಣಿನ ಮೇಲೆ ಬಿಟ್ಟರೆ ಅಮೋನಿಯಾ ಅನಿಲವಾಗಿ ಹಾರಿಹೋಗುತ್ತದೆ. ನೈಟ್ರೇಟ್ ಆದ ಮೇಲೆ ಮಣ್ಣಿನ ಕಣ ಅದನ್ನು ಹಿಡಿದಿಡುವುದಿಲ್ಲ, ನೀರಿನ ಜೊತೆ ಇಳಿದು ಹೋಗುತ್ತದೆ. ಬಟಾಟೆಯ ಬೇರು ಬಹುತೇಕ ಮೇಲಿನ ಒಂದು ಅಡಿಯಲ್ಲೇ ಇರುವುದರಿಂದ ಇಳಿದದ್ದು ಮತ್ತೆ ಸಿಗುವುದಿಲ್ಲ. ಅದು ಸೇರುವುದು ಬಾವಿಯ ನೀರನ್ನು. ಮುರಕಲ್ಲಿನ ಜಂಬಿಟ್ಟಿಗೆ ಮಣ್ಣು, ಕಡಲತಡಿಯ ಮರಳು ಮಣ್ಣು ಎರಡಕ್ಕೂ ಪೋಷಕಾಂಶ ಹಿಡಿದಿಡುವ ಶಕ್ತಿ ಕಡಿಮೆ. ಮಲ್ಪೆ, ಪಡುಬಿದ್ರಿ ಕಡೆಯ ಮರಳಿಗೆ ಒಂದೇ ಸಲ ಯೂರಿಯಾ ಹಾಕಿ ದಿನಾ ಎರಡು ಹೊತ್ತು ನೀರು ಬಿಟ್ಟರೆ ಅದನ್ನು ತೊಳೆದು ಕಳುಹಿಸಿದಂತೆಯೇ. ಚೀಲದ ಗೊಬ್ಬರ ಬಳಸುವವರು ಕಡ್ಡಾಯವಾಗಿ ಭಾಗ ಮಾಡಿ ಹಾಕಬೇಕು: ಅರ್ಧ ನೆಡುವಾಗ, ಉಳಿದರ್ಧ ಸುಮಾರು 30 ದಿನಕ್ಕೆ ಬುಡಕ್ಕೆ ಮಣ್ಣು ಏರಿಸುವಾಗ. ಮಣ್ಣಿನ ಅಡಿಗೆ ಹೋಗಬೇಕು, ಎಲೆಗೆ ತಾಗಬಾರದು. 45 ದಿನ ಕಳೆದ ಮೇಲೆ ಬಟಾಟೆಗೆ ಒಂದು ಹರಳೂ ಬೇಡ.

ಅಮೋನಿಯಂ ಸಲ್ಫೇಟಿನಲ್ಲಿ ಸಾರಜನಕ 20.5 ಶೇಕಡಾ ಮಾತ್ರ, ಜೊತೆಗೆ ಗಂಧಕ ಇದೆ. ಆದರೆ ಅದೇ ಒಂದು ಕೆ.ಜಿ. ಸಾರಜನಕಕ್ಕೆ ಅದು ಮಣ್ಣನ್ನು ಯೂರಿಯಾಕ್ಕಿಂತ ಸುಮಾರು ಮೂರು ಪಟ್ಟು ಹೆಚ್ಚು ಹುಳಿ ಮಾಡುತ್ತದೆ. ನಮ್ಮ ಮಣ್ಣು ಮಳೆಗೆ ತೊಳೆದು ತೊಳೆದು ಮೊದಲೇ ಹುಳಿ. ಬಟಾಟೆ ಸ್ವಲ್ಪ ಹುಳಿ ತಾಳುತ್ತದೆ, ಆದರೂ ವರ್ಷ ವರ್ಷ ಇದನ್ನೇ ಹಾಕುವುದು ಒಳ್ಳೆಯದಲ್ಲ. ಡಿ.ಎ.ಪಿ.ಯಲ್ಲಿ (ಡೈ ಅಮೋನಿಯಂ ಫಾಸ್ಫೇಟ್) 18 ಭಾಗ ಸಾರಜನಕ, 46 ಭಾಗ ರಂಜಕ. ನೆಡುವಾಗಿನ ರಂಜಕಕ್ಕೆ ಸರಿ, ಮೇಲುಗೊಬ್ಬರಕ್ಕೆ ದಂಡ. ಎಲೆಗೆ ಸಿಂಪಡಿಸುವ ದ್ರವ ನ್ಯಾನೋ ಯೂರಿಯಾ ಬಗ್ಗೆ ಕೇಳುವವರು ಲೆಕ್ಕ ಮಾಡಿ ನೋಡಲಿ: ಮೊದಲು ಬಂದ 4 ಶೇಕಡಾ ಸಾರಜನಕದ ಅರ್ಧ ಲೀಟರ್ ಬಾಟಲಿಯಲ್ಲಿ ಇದ್ದದ್ದು ಸುಮಾರು 20 ಗ್ರಾಂ. ಒಂದು ಚೀಲದ 20 ಕೆ.ಜಿ.ಯ ಜಾಗವನ್ನು ಅದು ತುಂಬುತ್ತದೆ ಎಂದು ನಂಬಿ ಬುಡಕ್ಕೆ ಏನೂ ಹಾಕದೆ ಕೂರಬೇಡಿ.

ಹಟ್ಟಿ, ಹಾಡಿ, ಗಾಣಗಳಿಂದ ಬರುವುದು

ಹಟ್ಟಿಗೊಬ್ಬರದ ಗುಣವನ್ನು ಸಾರಜನಕದ ಶೇಕಡಾವಾರಿನಿಂದ ಅಳೆದರೆ ಅದಕ್ಕೆ ಅನ್ಯಾಯ. ಚೆನ್ನಾಗಿ ಕಳಿತದ್ದರಲ್ಲಿ ಸಾರಜನಕ ಅರ್ಧ ಶೇಕಡಾದ ಆಸುಪಾಸು, ಅದರಲ್ಲೂ ಮೊದಲ ಬೆಳೆಗೆ ಸಿಗುವುದು ಹೆಚ್ಚೆಂದರೆ ಮೂರನೇ ಒಂದು ಭಾಗ. 100 ಕೆ.ಜಿ. ಗೊಬ್ಬರ ಹೊತ್ತು ಹಾಕಿದರೆ ಈ ಬೆಳೆಗೆ ದಕ್ಕುವುದು 150 ಗ್ರಾಂ ಸಾರಜನಕ. ಯೂರಿಯಾದಲ್ಲಿ ಅದು ಕೆಲವು ಮುಷ್ಟಿ, ಅಷ್ಟೇ. ಆದರೆ ಹಟ್ಟಿಗೊಬ್ಬರ ಮರಳಿಗೆ ನೀರು ಹಿಡಿಯಲು ಕಲಿಸುತ್ತದೆ, ಜಂಬಿಟ್ಟಿಗೆ ಮಣ್ಣನ್ನು ಸಡಿಲ ಮಾಡಿ ಗೆಡ್ಡೆ ಹಿಗ್ಗಲು ಜಾಗ ಕೊಡುತ್ತದೆ, ಮೇಲಿನಿಂದ ಹಾಕಿದ ಅಮೋನಿಯಂ ಜಾರಿ ಹೋಗದ ಹಾಗೆ ಹಿಡಿಯುತ್ತದೆ. ಪೊಟ್ಯಾಷನ್ನೂ ತರುತ್ತದೆ, ಮತ್ತು ಗೆಡ್ಡೆಯ ಬೆಳೆ ಸಾರಜನಕಕ್ಕಿಂತ ಹೆಚ್ಚು ಎತ್ತಿಕೊಳ್ಳುವುದು ಪೊಟ್ಯಾಷನ್ನೇ. ಗಟ್ಟಿ ಮಣ್ಣಿನಲ್ಲಿ ಎಷ್ಟು ಯೂರಿಯಾ ಹಾಕಿದರೂ ಗೆಣಸು ಸೊಟ್ಟಗೆ ಸಣಕಲಾಗಿಯೇ ಬರುತ್ತದೆ.

ಇದರಲ್ಲಿ ಎರಡು ಎಚ್ಚರ. ಹಸಿ ಸೆಗಣಿ ಅಥವಾ ಅರೆ ಕಳಿತ ಗೊಬ್ಬರವನ್ನು ಬಟಾಟೆಗೆ ಹಾಕಬಾರದು. ಸಿಪ್ಪೆಯ ಮೇಲೆ ಕಜ್ಜಿ ರೋಗ ಹೆಚ್ಚುತ್ತದೆ. ಸುಣ್ಣ ಹಾಕುವುದಿದ್ದರೂ ಬಟಾಟೆಗೆ ತಗುಲಿದಂತೆ ಬೇಡ, ಹಿಂದಿನ ಬೆಳೆಗೇ ಹಾಕಿ ಮುಗಿಸಿ, ಏಕೆಂದರೆ ಹುಳಿ ಕಡಿಮೆಯಾದ ಮಣ್ಣಿನಲ್ಲಿ ಕಜ್ಜಿ ಜಾಸ್ತಿ. ಇನ್ನೊಂದು, ಹಟ್ಟಿಗೆ ಸೊಪ್ಪು ಹಾಕುವ ನಮ್ಮ ಪದ್ಧತಿಯಲ್ಲಿ ಗೊಬ್ಬರದ ಗುಣ ಸೊಪ್ಪಿನ ಮೇಲೆ ನಿಂತಿದೆ. ಹಸಿರು ಸೊಪ್ಪಿನ ಗೊಬ್ಬರ ಬೇಗ ಕಳಿಯುತ್ತದೆ. ಬರೀ ತರಗೆಲೆ, ಬೈಹುಲ್ಲು ಹಾಕಿದ್ದಾದರೆ ಕಳಿಯುವಾಗ ಸೂಕ್ಷ್ಮಜೀವಿಗಳು ತಮ್ಮ ಹೊಟ್ಟೆಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ, ಗಿಡ ಹಳದಿಯಾಗುತ್ತದೆ. ತೆಂಗಿನ ನಾರಿನ ಪುಡಿಯಲ್ಲಂತೂ ಇದು ಇನ್ನೂ ಹೆಚ್ಚು. ತಾರಸಿಯ ಗ್ರೋ ಬ್ಯಾಗಿಗೆ ಬರೀ ನಾರಿನ ಪುಡಿ ತುಂಬಿ ಬಟಾಟೆ ನೆಟ್ಟು ‘ಸಾವಯವ ಕೈಕೊಟ್ಟಿತು’ ಎನ್ನುವವರಿಗೆ ಕೈಕೊಟ್ಟಿರುವುದು ಆ ಹಸಿವು.

ಕೋಳಿಗೊಬ್ಬರ ಸಾವಯವ ಗೊಬ್ಬರಗಳ ಗುಂಪಿನಲ್ಲಿದ್ದರೂ ನಡತೆಯಲ್ಲಿ ಯೂರಿಯಾದ ಹತ್ತಿರ. 2ರಿಂದ 3 ಶೇಕಡಾ ಸಾರಜನಕ, ಅದರಲ್ಲಿ ದೊಡ್ಡ ಭಾಗ ಕೆಲವೇ ವಾರಗಳಲ್ಲಿ ಬಿಡುಗಡೆ. ಹಸಿಯಾಗಿ ಹಾಕಿದರೆ ಮೊಳಕೆ ಸುಡುತ್ತದೆ. ಎರಡು ಮೂರು ತಿಂಗಳು ರಾಶಿ ಹಾಕಿ ಕಳಿಸಿ, ಹಟ್ಟಿಗೊಬ್ಬರದ ಕಾಲು ಭಾಗದಷ್ಟು ಮಾತ್ರ ಬಳಸಿ. ಸಾವಯವ ಎಂದ ಮಾತ್ರಕ್ಕೆ ಎಷ್ಟು ಹಾಕಿದರೂ ನಡೆಯುತ್ತದೆ ಎಂಬ ನಂಬಿಕೆ ಅತಿ ಹೆಚ್ಚು ಹಾನಿ ಮಾಡುವುದು ಇದರಲ್ಲಿಯೇ.

ಹಿಂಡಿಗಳು ನನಗೆ ಇಷ್ಟ. ಬೇವಿನ ಹಿಂಡಿಯಲ್ಲಿ ಸುಮಾರು 5 ಶೇಕಡಾ ಸಾರಜನಕ, ಹೊಂಗೆ ಹಿಂಡಿಯಲ್ಲಿ 4ರ ಆಸುಪಾಸು, ನೆಲಗಡಲೆ ಹಿಂಡಿಯಲ್ಲಿ 7ರಷ್ಟು. ಬಟಾಟೆಯ ಮೊದಲ 40 ದಿನಗಳಿಗೆ ಹೊಂದುವ ವೇಗ ಇವುಗಳದ್ದು, ಬೇವು ಮತ್ತು ಹೊಂಗೆಯಿಂದ ಬೇರುಗಂಟು ಜಂತುಹುಳುವಿನ ಕಾಟವೂ ತಗ್ಗುತ್ತದೆ. ಬೆಲೆಯೇ ಅಡ್ಡಿ. ಬೇವಿನ ಹಿಂಡಿ ಕೆ.ಜಿ.ಗೆ 30 ರೂಪಾಯಿ ಎಂದಿಟ್ಟುಕೊಂಡರೆ ಒಂದು ಕೆ.ಜಿ. ಸಾರಜನಕಕ್ಕೆ 600 ರೂಪಾಯಿ; ಯೂರಿಯಾದಲ್ಲಿ ಅದೇ ಒಂದು ಕೆ.ಜಿ. 13 ರೂಪಾಯಿಗೆ ಬರುತ್ತದೆ. ಹತ್ತು ಗ್ರೋ ಬ್ಯಾಗಿಗೆ ಈ ಅಂತರ ಲೆಕ್ಕಕ್ಕಿಲ್ಲ, ಅರ್ಧ ಎಕರೆ ಗೆಣಸಿಗೆ ಲೆಕ್ಕಕ್ಕಿದೆ.

ಎರೆಹುಳು ಗೊಬ್ಬರ ಒಂದು ಒಂದೂವರೆ ಶೇಕಡಾ ಸಾರಜನಕದ್ದು, ಕುಂಡಕ್ಕೆ ಉತ್ತಮ, ಗದ್ದೆಗೆ ದುಬಾರಿ. ಗ್ಲಿರಿಸೀಡಿಯಾ ಸೊಪ್ಪನ್ನು ಮಾತ್ರ ಯಾರೂ ಕಡೆಗಣಿಸಬಾರದು. ಬೇಲಿಗೆ ಅದನ್ನೇ ನೆಟ್ಟು ವರ್ಷಕ್ಕೆ ಎರಡು ಮೂರು ಸಲ ಸವರಿದರೆ ಖರ್ಚಿಲ್ಲದ ಸಾರಜನಕ. ಎಲೆ ಮೆದು, ನಮ್ಮ ಸೆಕೆಗೆ ಎರಡು ಮೂರು ವಾರಗಳಲ್ಲಿ ಕರಗುತ್ತದೆ. ಏರಿ ಕಟ್ಟುವ ಹದಿನೈದು ದಿನ ಮೊದಲು ಮಣ್ಣಿಗೆ ಸೇರಿಸಿದರೆ ಸರಿಹೋಗುತ್ತದೆ.

ಸುಡುಮಣ್ಣಿನ (ಸೊಪ್ಪು, ತರಗೆಲೆ ಸೇರಿಸಿ ಸುಟ್ಟ ಮಣ್ಣಿನ) ಬಗ್ಗೆ ಹಿರಿಯರೊಂದಿಗೆ ವಿನಯದಿಂದಲೇ ಭಿನ್ನವಾಗಿ ಹೇಳಬೇಕಾಗಿದೆ. ಸುಡುಮಣ್ಣಿನಲ್ಲಿ ಪೊಟ್ಯಾಷ್ ಇದೆ, ಮಣ್ಣು ಹಗುರಾಗುತ್ತದೆ, ಹುಳಿ ಇಳಿಯುತ್ತದೆ. ಗೆಣಸಿಗೂ ಸುವರ್ಣಗೆಡ್ಡೆಗೂ ಅದು ಹಿತ. ಸಾರಜನಕ ಮಾತ್ರ ಸುಡುವಾಗಲೇ ಹೊಗೆಯ ಜೊತೆ ಹೋಗಿರುತ್ತದೆ. ಅದನ್ನು ಸಾರಜನಕದ ಗೊಬ್ಬರ ಎಂದು ಎಣಿಸಿ ಬೇರೇನೂ ಹಾಕದಿದ್ದರೆ ಬೆಳೆ ಹಸಿವಿನಲ್ಲಿರುತ್ತದೆ. ಬೂದಿ, ಸುಡುಮಣ್ಣುಗಳನ್ನು ಅಮೋನಿಯಂ ಸಲ್ಫೇಟ್, ಡಿ.ಎ.ಪಿ. ಅಥವಾ ಕೋಳಿಗೊಬ್ಬರದ ಜೊತೆ ಬೆರೆಸಿದರೆ ಅಮೋನಿಯಾ ಹಾರಿಹೋಗುತ್ತದೆ. ನಡುವೆ ಎರಡು ವಾರ ಬಿಡಿ. ಜೀವಾಮೃತವನ್ನೂ ಸಾರಜನಕದ ಗೊಬ್ಬರ ಎಂದು ಎಣಿಸಬಾರದು. 200 ಲೀಟರಿಗೆ ಹೋಗುವ ಸೆಗಣಿ, ಗಂಜಲ, ಬೇಳೆಹಿಟ್ಟುಗಳ ಸಾರಜನಕವನ್ನೆಲ್ಲ ಕೂಡಿಸಿದರೂ ಕಾಲು ಕೆ.ಜಿ.ಯ ಆಸುಪಾಸು. ಅದು ಬೇರೆ ಕೆಲಸ ಮಾಡಬಹುದು, ಎಕರೆ ಬೆಳೆಯ ಸಾರಜನಕದ ಹಸಿವನ್ನು ತೀರಿಸಲಾರದು.

ಎರಡನ್ನೂ ಕೂಡಿಸಿದರೆ

ನನ್ನ ಒಲವು ಇದಕ್ಕೇ. ಸಾವಯವ ಗೊಬ್ಬರ ಅಡಿಪಾಯಕ್ಕೆ, ಸ್ವಲ್ಪ ಯೂರಿಯಾ ಸರಿಯಾದ ಹೊತ್ತಿಗೆ. ಒಂದು ಸೆಂಟ್ಸ್ (ಎಕರೆಯ ನೂರನೇ ಒಂದು ಭಾಗ) ಜಾಗದ ಲೆಕ್ಕದಲ್ಲಿ ಹೇಳುತ್ತೇನೆ, ಹಿತ್ತಲಿಗೆ ಅದು ಸುಲಭ.

ನೀರಾವರಿ ಬಟಾಟೆಗೆ ನಮ್ಮ ರಾಜ್ಯದಲ್ಲಿ ಹೇಳುವ ಸಾರಜನಕ ಹೆಕ್ಟೇರಿಗೆ 125 ಕೆ.ಜಿ.ಯ ಸುಮಾರು, ಹಟ್ಟಿಗೊಬ್ಬರ 25 ಟನ್. ಸೆಂಟ್ಸಿಗೆ ಇದು 100 ಕೆ.ಜಿ. ಗೊಬ್ಬರ ಮತ್ತು ಒಂದು ಕೆ.ಜಿ. ಮೇಲ್ಪಟ್ಟು ಯೂರಿಯಾ. ಅದು ಬಯಲುಸೀಮೆ, ಮಲೆನಾಡಿನ ಇಳುವರಿಗೆ ತಕ್ಕ ಮಾತು. ಕರಾವಳಿಯಲ್ಲಿ ಗೊಬ್ಬರವನ್ನು ಅಷ್ಟೇ ಇಟ್ಟುಕೊಂಡು ಯೂರಿಯಾವನ್ನು ಅರ್ಧಕ್ಕೆ, ಅಂದರೆ ಸೆಂಟ್ಸಿಗೆ ಅರ್ಧ ಕೆ.ಜಿ.ಗೆ ಇಳಿಸಬೇಕು ಎಂಬುದು ನನ್ನ ಸಲಹೆ, ಕಾಲು ಕೆ.ಜಿ. ನೆಡುವಾಗ, ಕಾಲು ಕೆ.ಜಿ. ಮಣ್ಣು ಏರಿಸುವಾಗ. ಯೂರಿಯಾ ಬೇಡ ಎನ್ನುವವರು ಅದರ ಬದಲಿಗೆ ನಾಲ್ಕೈದು ಕೆ.ಜಿ. ಬೇವಿನ ಹಿಂಡಿಯನ್ನು ಸಾಲಿಗೆ ಹಾಕಲಿ. ನವೆಂಬರ್ ನಡುವಿನಲ್ಲಿ ನೆಡಿ, ಬದನೆ, ಟೊಮೆಟೊ, ಮೆಣಸು ಇದ್ದ ಜಾಗ ಬೇಡವೇ ಬೇಡ. ನಮ್ಮ ಬದನೆಯಾದ ಮಟ್ಟುಗುಳ್ಳವೂ ಬಟಾಟೆಯೂ ಒಂದೇ ಕುಟುಂಬದವು, ದುಂಡಾಣು ಸೊರಗು ರೋಗ ಮಣ್ಣಿನಲ್ಲಿ ಕಾದು ಕುಳಿತಿರುತ್ತದೆ, ಅದನ್ನು ಯಾವ ಗೊಬ್ಬರವೂ ತಡೆಯದು.

ಗೆಣಸಿಗೆ ಕೇರಳ ಕೃಷಿ ವಿಶ್ವವಿದ್ಯಾಲಯದ ಶಿಫಾರಸು ನಮ್ಮ ಮಣ್ಣಿಗೂ ಮಳೆಗೂ ಹತ್ತಿರದ್ದು: ಹೆಕ್ಟೇರಿಗೆ ಹಟ್ಟಿಗೊಬ್ಬರ 10 ಟನ್, ಸಾರಜನಕ 75, ರಂಜಕ 50, ಪೊಟ್ಯಾಷ್ 75 ಕೆ.ಜಿ. ಸೆಂಟ್ಸಿಗೆ 40 ಕೆ.ಜಿ. ಗೊಬ್ಬರ, 650 ಗ್ರಾಂ ಯೂರಿಯಾ. ಭತ್ತಕ್ಕೆ ಚೆನ್ನಾಗಿ ಗೊಬ್ಬರ ಹಾಕಿದ ಬೈಲು (ತಗ್ಗಿನ) ಗದ್ದೆಯಾದರೆ ಇದರಲ್ಲೂ ಕಡಿತ ಮಾಡಿ. ಬಳ್ಳಿ ಹಬ್ಬಿ ಹಬ್ಬಿ ಗೆಣಸು ಇಲ್ಲವಾಗುವುದು ಅಲ್ಲಿಯೇ ಹೆಚ್ಚು. ಯೂರಿಯಾ ಅರ್ಧ ಏರಿ ಕಟ್ಟುವಾಗ, ಅರ್ಧ ನಾಲ್ಕೈದು ವಾರಕ್ಕೆ. ಸಾಂಬ್ರಾಣಿ ಗೆಡ್ಡೆಗೆ ಅಲ್ಲಿ ಹೇಳುವುದು ಹೆಕ್ಟೇರಿಗೆ ಸಾರಜನಕ 60, ರಂಜಕ 60, ಪೊಟ್ಯಾಷ್ 100 ಕೆ.ಜಿ. ಸಾರಜನಕಕ್ಕಿಂತ ಪೊಟ್ಯಾಷ್ ಎಷ್ಟು ಮುಂದಿದೆ ನೋಡಿ. ಮಳೆಗಾಲದಲ್ಲಿ ಕುಡಿ ನೆಡುವ ಈ ಬೆಳೆಗೆ ಜುಲೈಯ ಜಡಿಮಳೆಯಲ್ಲಿ ಯೂರಿಯಾ ಹಾಕುವುದು ವ್ಯರ್ಥ. ಅಡಿಗೆ ಗೊಬ್ಬರ, ಸೊಪ್ಪು ಕೊಟ್ಟು, ಮಳೆ ತುಸು ಹೊಳವಾದ ಮೇಲೆ ಮೇಲುಗೊಬ್ಬರ ಕೊಡಿ.

ಯಾರಿಗೆ ಯಾವುದು

ಹಟ್ಟಿಯಲ್ಲಿ ಎರಡು ಹಸುವಾದರೂ ಇದ್ದರೆ ಆಯ್ಕೆಯ ಗೊಂದಲವೇ ಇಲ್ಲ: ಕಳಿತ ಗೊಬ್ಬರ, ಬೇಲಿಯ ಸೊಪ್ಪು, ಮಣ್ಣು ಏರಿಸುವಾಗ ಗೋಬರ್ ಗ್ಯಾಸಿನ ಬಗ್ಗಡ ಸ್ವಲ್ಪ. ಗೆಣಸಿಗೆ ಇಷ್ಟೇ ಸಾಕಾಗುತ್ತದೆ. ಹಟ್ಟಿ ಖಾಲಿಯಾಗಿ ಘಟ್ಟದ ಮೇಲಿನಿಂದ ಲಾರಿಯಲ್ಲಿ ಗೊಬ್ಬರ ತರಿಸುವವರು ಅದರೊಂದಿಗೆ ಕಳೆಬೀಜವನ್ನೂ ತರಿಸಿಕೊಳ್ಳುತ್ತಾರೆ. ರಾಶಿ ಹಾಕಿ ಒದ್ದೆ ಮಾಡಿ ಬಿಸಿಯೇರಿಸಿ ಕಳಿಸದೆ ಗದ್ದೆಗೆ ಇಳಿಸಬಾರದು. ಅಂಥವರು ಗೊಬ್ಬರ ಕಡಿಮೆ ತರಿಸಿ ಯೂರಿಯಾವನ್ನು ಎರಡು ಕಂತಿನಲ್ಲಿ ಹಾಕುವುದು ಹಣಕ್ಕೂ ಬೆಳೆಗೂ ಹೊಂದುತ್ತದೆ. ಸಾವಯವ ಪ್ರಮಾಣಪತ್ರದೊಂದಿಗೆ ಮಾರುವವರಿಗೆ ಯೂರಿಯಾ ನಿಷಿದ್ಧ, ಹಿಂಡಿಯ ಖರ್ಚನ್ನು ಬೆಲೆಯಲ್ಲಿ ಸೇರಿಸಿಯೇ ಮಾರಬೇಕು. ತಾರಸಿಯವರು ಮಣ್ಣು, ಎರೆಹುಳು ಗೊಬ್ಬರ, ನಾರಿನ ಪುಡಿ ಸಮಸಮ ಬೆರೆಸಿ, ಚೀಲಕ್ಕೆ ಎರಡು ಮೂರು ಹಿಡಿ ಬೇವಿನ ಹಿಂಡಿ ಹಾಕಿ ನಿಲ್ಲಿಸಲಿ. ಯೂರಿಯಾ ಅವರಿಗೆ ಬೇಡ; ಚಿಕ್ಕ ಚೀಲದಲ್ಲಿ ಅಳತೆ ತಪ್ಪುವುದು ಸುಲಭ.

ಯಾವುದನ್ನೇ ಆರಿಸಿದರೂ ಮಣ್ಣಿನ ಪರೀಕ್ಷೆ ಮಾಡಿಸಿಕೊಳ್ಳಿ. ಬ್ರಹ್ಮಾವರದಲ್ಲಿಯೂ ಮಂಗಳೂರಿನಲ್ಲಿಯೂ ಕೃಷಿ ವಿಜ್ಞಾನ ಕೇಂದ್ರಗಳಿವೆ. ಏಣಿಲು (ಮಳೆಗಾಲದ ಭತ್ತದ ಬೆಳೆ) ಕೊಯ್ಲು ಮುಗಿದು ಗದ್ದೆ ಆರಿದ ಕೂಡಲೇ, ಗೊಬ್ಬರ ಹಾಕುವ ಮೊದಲು, ಏಳೆಂಟು ಕಡೆಯಿಂದ ಒಂದು ಗೇಣು ಆಳದ ಮಣ್ಣು ತೆಗೆದು ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕೆ.ಜಿ. ಕೊಡಿ. ವರದಿಯಲ್ಲಿ ಸಾವಯವ ಇಂಗಾಲ ಅರ್ಧ ಶೇಕಡಾಕ್ಕಿಂತ ಕೆಳಗಿದ್ದರೆ ಆ ವರ್ಷದ ಹಣ ಹಟ್ಟಿಗೊಬ್ಬರಕ್ಕೇ ಹೋಗಲಿ. ಮುಕ್ಕಾಲು ಶೇಕಡಾ ದಾಟಿದ್ದರೆ ಯೂರಿಯಾದ ಎರಡನೇ ಕಂತನ್ನು ಗಿಡ ನೋಡಿ ಬಿಟ್ಟುಬಿಡಬಹುದು: 30ನೇ ದಿನಕ್ಕೆ ಕೆಳಗಿನ ಎಲೆಗಳು ಇನ್ನೂ ಹಸಿರಾಗಿದ್ದರೆ ಮಣ್ಣು ಮಾತ್ರ ಏರಿಸಿ.